ಮುತ್ತುರಾಜನ ಹದಿಮೂರು

“ಎಷ್ಟ್ ದಿನ ಬೇಕು ಅಂತ ಯಾರೇ ಕೇಳ್ಲಿ, ಜಾಸ್ತೀನೇ ಹೇಳ್ಬೇಕು ಕಣಪ್ಪಾ” ಎಂದು ಮನೆ ಮಾಲೀಕ ಬೈರಣ್ಣ ಬೆಳಿಗ್ಗೆ ಗೇಟಿನ ಬಳಿ ಉಪದೇಶಿಸಿದ್ದೇ ಎಲ್ಲ ಅನಾಹುತಕ್ಕೆ ಕಾರಣ. ಸುದ್ದಗುಂಟೆಪಾಳ್ಯದಲ್ಲಿ ಮೇಸ್ತ್ರಿಗಳ ಜೊತೆ ಹೆಣಗಾಡಿ ಮೂರು ಮಹಡಿ ಎಬ್ಬಿಸಿದವರ ಮಾತು. ಬಾಡಿಗೆಗಿದ್ದ ಮುತ್ತುರಾಜ ನಂಬಿಬಿಟ್ಟ.

ಶುಕ್ರವಾರ ಇಳಕಲ್ಲಿನಲ್ಲಿ ಅವನ ನಿಶ್ಚಿತಾರ್ಥ. ರಜೆ ಸಿಗದೆ ಆಗಲೇ ಎರಡು ಸಲ ಮುಂದೆ ಹೋಗಿತ್ತು. ಈ ಸಲ ಹೇಗೋ ರಜೆ ಸಿಕ್ಕಿತ್ತು; ಉಂಗುರವೂ ಬ್ಯಾಗಿನಲ್ಲಿ ಸಿದ್ಧವಿತ್ತು. ಇನ್ನೊಮ್ಮೆ ತಪ್ಪಿದರೆ ಬೇರೆ ವರ ನೋಡುವುದಾಗಿ ಹುಡುಗಿಯ ಅಪ್ಪ ಹೇಳಿದ್ದರು. ಅದಕ್ಕೆಂದೇ ಮುತ್ತುರಾಜ ತನ್ನ ಪಾಲಿಗೆ ಬರಲಿದ್ದ ಕೆಲಸವನ್ನು, ಆ್ಯಪಿಗೆ ಒಂದು ಬಟನ್ ಸೇರಿಸುವುದನ್ನು, ಭಾನುವಾರವೇ ಗುಟ್ಟಾಗಿ ಮುಗಿಸಿದ್ದ. ಅದು ಭಾರೀ ಕೆಲಸವೆಂದು ನಂಬಿಸಿದರೆ ಎರಡು ವಾರ ಬೇರೇನೂ ಮೈಮೇಲೆ ಬೀಳದು.

ಜಯನಗರದ ಆಫೀಸಿನಲ್ಲಿ ಕೆಲಸದ ತೂಕವನ್ನು ಇಸ್ಪೀಟಿನಂಥ ಕಾರ್ಡುಗಳಿಂದ ನಿರ್ಧರಿಸುತ್ತಿದ್ದರು. ಅಂಕಿ ದೊಡ್ಡದಾದಷ್ಟು ಕೆಲಸ ಭಾರ. ಎಲ್ಲರೂ ಒಟ್ಟಿಗೆ ಅಂಕಿ ಎತ್ತಿ ತೋರಿಸಬೇಕು; ಒಂಟಿಯಾದವನು ಕಾರಣ ಹೇಳಬೇಕು. ಮಾತಿಗೆ ಹೆದರುವ ಮುತ್ತುರಾಜ ಯಾವಾಗಲೂ ಗುಂಪಿನ ಅಂಕಿಯೊಳಗೆ ಅಡಗುತ್ತಿದ್ದ. ಇಂದು ಎಲ್ಲರ ಕೈಯಲ್ಲೂ ಎರಡು. ಅವನ ಕೈಯಲ್ಲಿ ಹದಿಮೂರು.



“ಒಂದು ಬಟನ್ ಗುರು ಅದು, ಮೆಟ್ರೋ ಪಿಲ್ಲರ್ ಅಲ್ಲ!” ಎಂದ ಸಹೋದ್ಯೋಗಿ ಲಿಖಿತ್.

“ಹಳೇ ಕೋಡ್ ಐತ್ರಿ ಮೇಡಂ,” ಮುತ್ತುರಾಜ ಟೀಮ್ ಲೀಡ್ ಹೇಮಶ್ರೀಯತ್ತ ತಿರುಗಿದ. “ಒಂದ್ ಕಡೆ ಮುಟ್ಟಿದ್ರ ಇನ್ನೊಂದ್ ಕಡೆ ಕುಸೀತೈತಿ. ಲಾಗಿನ್ ಹೋಗಬಹುದು, ಪೇಮೆಂಟ್ ನಿಲ್ಲಬಹುದು…” ವರ್ಷಗಳಿಂದ ನುಂಗಿಕೊಂಡಿದ್ದ ಮಾತುಗಳು ಒಡೆದ ಪೈಪಿನ ನೀರಿನಂತೆ ಚಿಮ್ಮಿದವು.

ಹೇಮಶ್ರೀಯ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಇಪ್ಪತ್ತೊಂದು ಹಾಕೋಣ. ಇಷ್ಟು ಡೇಂಜರ್ ಕೆಲಸ ಬಿಟ್ಟು ಊರಿಗೆ ಹೇಗ್ರೀ ಹೋಗ್ತೀರಾ? ಶುಕ್ರವಾರದ ಲೀವ್ ಕ್ಯಾನ್ಸಲ್.”

ಮುತ್ತುರಾಜ ಕುರ್ಚಿಯಿಂದ ಎದ್ದ. ಇನ್ನು ಸತ್ಯವೊಂದೇ ದಾರಿ. “ಮೇಡಂ… ಅದು ಮುಗದೈತ್ರಿ. ಭಾನುವಾರನ ಮಾಡೇನಿ.” ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಬಟನ್ ಪಳಪಳ ಹೊಳೆಯುತ್ತಿತ್ತು.

ಬೈಗುಳಕ್ಕೆ ತಲೆ ಬಗ್ಗಿಸಿ ಕಾದ. ಚಪ್ಪಾಳೆ ಕೇಳಿಸಿತು.

“ಇಪ್ಪತ್ತೊಂದರ ಕೆಲಸ ಒಂದೇ ದಿನದಲ್ಲಿ!” ಹೇಮಶ್ರೀಯ ಕಣ್ಣು ಅರಳಿತ್ತು. “ಇಂಥವರನ್ನ ಇಟ್ಕೊಂಡು ನಾವು ಒದ್ದಾಡ್ತಿದೀವಲ್ಲ! ಬಾಕಿ ಇರೋದೆಲ್ಲ ಮುತ್ತುರಾಜ್‌ಗೇ ಹಾಕಿ. ಲಿಖಿತ್, ನಿಂದೂ ಕೊಡು. ಶುಕ್ರವಾರ ಸಂಜೆಯೊಳಗೆ ಮುಗಿಸಿಬಿಡ್ತಾರೆ.”

ಲಿಖಿತ್ ತನ್ನ ಕೆಲಸವನ್ನೆಲ್ಲ ಸಂತೋಷದಿಂದ ವರ್ಗಾಯಿಸಿ, ಗೆಳೆಯನ ಹೆಗಲ ಮೇಲೆ ಕೈಯಿಟ್ಟ.

“ಥ್ಯಾಂಕ್ಸ್ ಮಗಾ, ಶುಕ್ರವಾರ ನಾನೀಗ ಫುಲ್ ಫ್ರೀ. ಆ ಉಂಗುರ ಕೊಡು, ಇಳಕಲ್ಲಿಗೆ ನಾನೇ ಹೋಗ್ಬರ್ತೀನಿ.”