ಹರಿವಾಣದಲ್ಲಿ ತೇಲಿದ ಕಣ್ಣುಗಳು

ಪಾನಕ ಕಲಸುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ಇಡೀ ಹುಣಸೂರಿನಲ್ಲೇ ಇಲ್ಲ ಎಂದರೆ ನನ್ನ ಹೆಂಡತಿ ಪ್ರಮೀಳಾ ಕಿಸಕ್ಕನೆ ನಗುತ್ತಾಳೆ. ನಗಲಿ. ನನ್ನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಯಾರ ಮನೆಯ ಸಮಾರಂಭದಲ್ಲಿ ಏನು ಕಲಸಿದ್ದರು, ಅದಕ್ಕೆಷ್ಟು ನೀರು ಬೆರೆಸಿದ್ದರು ಎಂಬುದನ್ನು ವಾಪಸ್ಸು ಬಂದ ಪಾತ್ರೆಯ ತಳ ನೋಡಿಯೇ ಹೇಳಬಲ್ಲೆ. (ಹಾಗೆ ಹೇಳಿ ಕೆಲವು ಗಿರಾಕಿಗಳನ್ನು ಕಳೆದುಕೊಂಡೂ ಇದ್ದೇನೆ.) ಇಂಥ ಅನುಭವಸ್ಥನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡದಿರುವುದು ನಮ್ಮ ಮನೆಯಲ್ಲಿ ಹಗಲಿರುಳೂ ನಡೆಯುತ್ತಿರುವ ಅನ್ಯಾಯ.

ಈ ಅನ್ಯಾಯಕ್ಕೆ ತೆರೆಬಿದ್ದದ್ದು ಮಗಳು ಪುಟ್ಟಿಯಿಂದ. ಮೂರನೇ ಕ್ಲಾಸು ಓದುವ ಹುಡುಗಿ, ಕತ್ತಲೆಂದರೆ ಹೆದರಿ ಸಾಯುತ್ತಾಳೆ. ಸಂಜೆಯಾದ ಮೇಲೆ ಬಚ್ಚಲಿಗೆ ಹೋಗಬೇಕಾದರೂ ನಾನು ಬಾಗಿಲ ಹತ್ತಿರ ಕಾವಲು ನಿಲ್ಲಬೇಕು. ಈ ಗುಟ್ಟು ಅದು ಹೇಗೋ ಶಾಲೆಗೆ ತಲುಪಿ, ಮಕ್ಕಳೆಲ್ಲ ಸೇರಿ ಅವಳಿಗೆ ‘ಪುಕ್ಕಲಿ’ ಎಂದು ನಾಮಕರಣ ಮಾಡಿದ್ದರು. ಅಕ್ಟೋಬರ್ ಕೊನೆಯಲ್ಲಿ ಟೀಚರು ಹ್ಯಾಲೋವೀನ್ ಎಂಬ ದೆವ್ವದ ವೇಷದ ಹಬ್ಬದ ಚಿತ್ರ ತೋರಿಸಿದ್ದೇ ತಡ, ನಮ್ಮ ಪುಟ್ಟಿ ಎದ್ದು ನಿಂತು ಆರು ಮಕ್ಕಳನ್ನು ಅಪ್ಪ ಅಮ್ಮಂದಿರ ಸಮೇತ ನಮ್ಮ ಮನೆಗೆ ಆಹ್ವಾನಿಸಿಬಿಟ್ಟಿದ್ದಳು!

"ಅಪ್ಪಾ, ಎಲ್ರೂ ಒಂದ್ಸಲ ಜೋರಾಗಿ ಕಿರುಚ್ಬೇಕು. ನಾನೊಬ್ಳೇ ಕಿರುಚ್ಬಾರ್ದು. ಆಗ ಯಾರೂ ನನ್ನ ಹಂಗೆ ಕರಿಯಲ್ಲ, ಅಲ್ವಾ?" ಎಂದು ನನ್ನ ಅಂಗಿಯ ಗುಂಡಿ ತಿರುಗಿಸುತ್ತಾ ಕೇಳಿದಳು.

"ಕಿರುಚಿಸೋ ಜವಾಬ್ದಾರಿ ನಂದು. ಪಾನಕದಲ್ಲೇ ಕಿರುಚಿಸ್ತೀನಿ, ನೋಡ್ತಿರು" ಎಂದೆ.

"ನಿಮ್ಮ ಪಾನಕ ಕುಡುದ್ರೆ ಕಿರುಚ್ದೆ ಇನ್ನೇನ್ ಮಾಡಾರು ಬುಡಿ" ಎಂದಳು ಪ್ರಮೀಳಾ.

ಪಕ್ಕದ ಬೀದಿಯ ಲಿಂಗರಾಜು ಎದುರಿಗೆ ಸಿಕ್ಕಿದ. ಅವನ ಮಗಳೂ ಪುಟ್ಟಿಯ ಕ್ಲಾಸೇ. ನನ್ನನ್ನು ಮರೆಗೆ ಎಳೆದುಕೊಂಡು, "ಮಕ್ಳಿಗೊಂದು, ದೊಡ್ಡೋರಿಗೊಂದು ಅಂತ ಬ್ಯಾರೆ ಬ್ಯಾರೆ ಕುಡಿಯಾಕೆ ಮಾಡ್ತೀಯಂತೆ? ದೊಡ್ಡೋರ್ದು ಅಂದ್ರೆ... ಅದೇಯಾ?" ಎಂದು ಕಣ್ಣು ಮಿಟುಕಿಸಿದ.

"ಮಜ್ಜಿಗೆ ಕಣ್ಲಾ" ಎಂದೆ. ಅವನ ಮುಖ ನೋಡಲಾಗಲಿಲ್ಲ. ಆದರೂ ಬರುತ್ತೇನೆಂದ, ಪಾಪ.

ಹಬ್ಬದ ದಿನ ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು ಮಹಾಕಾರ್ಯ ಆರಂಭಿಸಿದೆ. ಮಕ್ಕಳಿಗೆ ರಕ್ತಪಾನಕ: ಬೀಟ್‌ರೂಟ್ ಬೇಯಿಸಿ, ರುಬ್ಬಿ, ಸೋಸಿ, ಬೆಲ್ಲ ನಿಂಬೆಹುಳಿ ಹಾಕಿದ್ದು. ಅದರಲ್ಲಿ ತೇಲಿಬಿಡಲು ಕಣ್ಣುಗುಡ್ಡೆಗಳು: ಹಸಿರು ದ್ರಾಕ್ಷಿಯ ಸಿಪ್ಪೆ ಸುಲಿದು, ನಡುವೆ ಕಪ್ಪು ಒಣದ್ರಾಕ್ಷಿಯ ಚೂರು ಸಿಕ್ಕಿಸಿದ್ದು. ದ್ರಾಕ್ಷಿ ಸುಲಿಯುವುದೆಂದರೆ ಏನೆಂದು ಸುಲಿದವನಿಗೇ ಗೊತ್ತು. ಹಿಡಿದರೆ ಜಾರುತ್ತದೆ, ಬಿಟ್ಟರೆ ಓಡುತ್ತದೆ. ಒಂದು ಕಣ್ಣು ಫ್ರಿಜ್ಜಿನ ಕೆಳಗೆ ಹೋಗಿ ಅಲ್ಲಿಂದಲೇ ನನ್ನನ್ನು ನೋಡುತ್ತಿತ್ತು.

ಲೋಟದಲ್ಲಿ ಕೊಟ್ಟರೆ ಕಣ್ಣುಗಳ ವೈಭವ ಕಾಣುವುದಿಲ್ಲವಲ್ಲ? ಅಂಗಡಿಯಿಂದ ಎತ್ತರದ ಅಂಚಿನ ದೊಡ್ಡ ಸ್ಟೀಲ್ ಹರಿವಾಣ ತಂದು, ಅದರ ತುಂಬ ಪಾನಕ ಸುರಿದು, ಕಣ್ಣುಗಳನ್ನು ತೇಲಿಬಿಟ್ಟೆ. ಬರುವವರಿಗೆ ಮೊದಲು ಅದೇ ಕಾಣಲೆಂದು ಮುಂಬಾಗಿಲ ಪಕ್ಕ ಸ್ಟೂಲಿನ ಮೇಲಿಟ್ಟು, ಪಕ್ಕದಲ್ಲೊಂದು ಮೇಣದಬತ್ತಿ ಹಚ್ಚಿದೆ. ನೋಡಿ ನನಗೇ ಮೈ ಜುಮ್ಮೆಂದಿತು. ಪುಟ್ಟಿ ಮಾತ್ರ ದೂರದಲ್ಲಿ ಬೆರಳು ಕಚ್ಚುತ್ತಾ ನಿಂತು, "ಇದು ಸಾಕು ಅಪ್ಪಾ, ಇದು ಖಂಡಿತ ಸಾಕು" ಎಂದಳು.

ಪ್ರಮೀಳಾ ಹಳೇ ಪಂಚೆಗಳನ್ನು ದೆವ್ವ ಮಾಡಿ ನೇತುಹಾಕಲು ಮಹಡಿಗೆ ಹೋದಳು. ನಾನು ದೊಡ್ಡವರ ‘ಭೂತಮಜ್ಜಿಗೆ’ಗೆ ಕೊತ್ತಂಬರಿ, ಶುಂಠಿ, ಹಸಿಮೆಣಸಿನಕಾಯಿ ಮಿಕ್ಸಿಗೆ ಹಾಕಿ ತಿರುಗಿಸಿದೆ. ನಮ್ಮ ಮಿಕ್ಸಿ ತಿರುಗಿದರೆ ಮನೆಯೊಳಗೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಆ ಸಮಯಕ್ಕೇ ಸರಿಯಾಗಿ ನಮ್ಮ ಅತ್ತೆ ಚಿಕ್ಕಬೀರಮ್ಮನವರು ಹೇಳದೆ ಕೇಳದೆ ತಮ್ಮೂರು ಭೇರ್ಯದಿಂದ ಬಂದಿಳಿದರು.

ಮಿಕ್ಸಿ ನಿಂತ ಮೇಲೆ ಹೊರಗೆ ಏನೋ ವಿಪರೀತ ನಿಶ್ಶಬ್ದ ಅನ್ನಿಸಿತು. ಇಣುಕಿ ನೋಡಿದರೆ, ಅಪ್ಪ ಅಮ್ಮಂದಿರಿಗಿಂತ ಮೊದಲೇ ಓಡಿಬಂದ, ಬಿಳಿ ಬೆಡ್‌ಶೀಟು ಹೊದ್ದು, ಕಣ್ಣ ಸುತ್ತ ಮಸಿ ಬಳಿದುಕೊಂಡ ಆರು ಮಕ್ಕಳು, ಜೊತೆಗೆ ಪುಟ್ಟಿ, ಬಾಗಿಲೆದುರು ಸಾಲಾಗಿ ನಿಂತಿದ್ದಾರೆ. ಅವರೆದುರು ಅತ್ತೆ, ಕೈಯಲ್ಲಿ ನನ್ನ ಹರಿವಾಣ! ಪಾನಕದ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ!

ಅವರ ತಪ್ಪೇನಿದೆ ಹೇಳಿ. ಮುಸ್ಸಂಜೆ ಹೊತ್ತು. ಮುಂಬಾಗಿಲಲ್ಲಿ ಹರಿವಾಣದ ತುಂಬ ಕೆಂಪು ನೀರು, ಪಕ್ಕದಲ್ಲಿ ದೀಪ. ಎದುರಿಗೆ ಮುಖಕ್ಕೆ ಕಪ್ಪು ಬಳಿದುಕೊಂಡ ಮಕ್ಕಳು. ಹೆತ್ತ ತಾಯಿ ಯಾರೇ ಆದರೂ ದೃಷ್ಟಿ ತೆಗೆಯದೆ ಬಿಡುತ್ತಾಳೆಯೇ?

"ಬಂದೋರ್ ಕಣ್ಣು, ಓದೋರ್ ಕಣ್ಣು, ಬಸ್ನಲ್ಲಿ ಕಂಡೋರ್ ಕಣ್ಣು, ಮೊಬೈಲ್ನಲ್ಲಿ ನೋಡ್ದೋರ್ ಕಣ್ಣು..." ಎಂದು ನೀವಾಳಿಸುತ್ತಿದ್ದರು.

"ಅತ್ತೇ! ಅದು—"

"ಷ್! ಮಾತಾಡ್ಬಾರ್ದು, ಸುಮ್ಕಿರಿ ಅಳಿಮಯ್ಯ!" ಎಂದು ಗದರಿ, ಮರುಕ್ಷಣವೇ ದನಿ ಇಳಿಸಿ, "ಕೆಟ್ ಕಣ್ಗೆ ಕಣ್ಣೇ ಮಾಡಿ ತೇಲ್ಸಿದ್ದೀರಲ್ಲ, ಏನ್ ಬುದ್ವಂತ್ರು ನೀವು! ನಮ್ಮೂರಲ್ಲಿ ಯಾರ್ಗೂ ಒಳ್ದಿರ್ನಿಲ್ಲ ಕಣಪ್ಪ" ಎಂದರು.

ಮದುವೆಯಾದಾಗಿನಿಂದ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಇನ್ನೊಂದು ಸಲ ಹೇಳಲಿ ಎಂದು ಕಾದೆ. ಅಷ್ಟರಲ್ಲಿ ಅವರು, "ಎಲ್ರೂ ಮೂರ್ಮೂರ್ ಸಲ ಉಗೀರವ್ವ ಇದ್ಕೆ" ಎಂದರು. ಏಳೂ ಮಕ್ಕಳು ಅತ್ಯಂತ ನಿಷ್ಠೆಯಿಂದ ಉಗಿದರು. ಇನ್ನು ಪಾನಕವನ್ನು ಉಳಿಸಿಕೊಂಡು ನಾನಾದರೂ ಏನು ಮಾಡಲಿ?

"ಮೂರ್ದಾರಿ ಕೂಡೋ ಜಾಗಕ್ಕೆ ಸುರೀಬೇಕು. ಮುಂದೆ ದೀಪ ಯಾರ್ ಇಡ್ಕೊಂತೀರಿ?"

ದೆವ್ವಗಳೆಲ್ಲ ಒಂದರ ಹಿಂದೊಂದು ಅಡಗಿದವು. ಆಗ ಪುಟ್ಟಿ, ತುಟಿ ನಡುಗುತ್ತಿದ್ದರೂ, "ನಾನ್ ಹಿಡ್ಕೋತೀನಿ ಅಜ್ಜಿ" ಎಂದು ಮೇಣದಬತ್ತಿ ಎತ್ತಿಕೊಂಡಳು. ಮುಂದೆ ಅವಳು, ಹಿಂದೆ ಅತ್ತೆ, ಅವರ ಹಿಂದೆ ಉಸಿರು ಬಿಗಿಹಿಡಿದ ದೆವ್ವಗಳು. ಬೀದಿಯ ತುದಿಯಲ್ಲಿ ನನ್ನ ಮಧ್ಯಾಹ್ನದ ಶ್ರಮವೆಲ್ಲ ಕೆಂಪಗೆ ಹರಿದು, ಕಣ್ಣುಗಳು ನಾಲ್ಕು ದಿಕ್ಕಿಗೂ ಉರುಳಿದವು. ಯಾರೂ ತಿರುಗಿ ನೋಡದೆ ವಾಪಸ್ಸು ಬಂದರು.

ಆದರೆ ಒಬ್ಬರೂ ಕಿರುಚಲಿಲ್ಲ. ಮಾತಾಡಬಾರದೆಂದು ಅಜ್ಜಿ ಹೇಳಿದ್ದರಲ್ಲ! ಪುಟ್ಟಿ ಬತ್ತಿ ಕೆಳಗಿಟ್ಟು ನನ್ನ ಕಡೆ ನೋಡಿದಳು. ಆ ಸಪ್ಪೆ ಮುಖ ನೋಡಿ ನನಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಫೋನು. ಲಿಂಗರಾಜು. "ಎಲ್ಲಾ ಬಂದು ನಿಮ್ ಬೀದಿ ತುದೀಲಿ ನಿಂತಿದ್ದೀವಿ ಕಣ್ಲಾ. ರಸ್ತೇಲಿ ಯಾರೋ ಏನೋ ಮಾಡಿ ಬುಟ್ಟವ್ರೆ. ಕಣ್ಣೂ ಅವೆ! ನಾವಂತೂ ದಾಟಕಿಲ್ಲ."

"ಬೀಟ್‌ರೂಟು ಕಣ್ಲಾ! ದಾಟ್ಕೊಂಡ್ ಬಾ."

"ನೀನು ಹಂಗೇ ಅಂತೀಯ ಬುಡು. ಮೊದ್ಲು ಬಂದು ತೊಳಿ."

ಬಕೆಟ್ಟು ನೀರು ಹಿಡಿದು ಧುಮುಗುಟ್ಟುತ್ತಾ ಬರಿಗಾಲಲ್ಲೇ ಹೊರಟೆ. ಹಿಂದೆ ಪುಟ್ಟಿ, ಅವಳ ಹಿಂದೆ ದೆವ್ವಗಳ ತಂಡ. ಮೂರು ದಾರಿ ಕೂಡುವಲ್ಲಿ ಬೀದಿ ದೀಪವಿಲ್ಲ. ಆಚೆ ಬದಿಗೆ ಮೊಬೈಲ್ ಟಾರ್ಚು ಹಿಡಿದ ಹತ್ತು ಹನ್ನೆರಡು ಜನ ದೊಡ್ಡವರು, ಈಚೆಗೆ ನಾನು, ನಡುವೆ ಆ ಕೆಂಪು. ಬೇಯಿಸಿದವನು ನಾನೇ, ಸೋಸಿದವನು ನಾನೇ. ಆದರೂ ನೀವಾಳಿಸಿದ ಮೇಲೆ ಅದು ಬರೀ ಬೀಟ್‌ರೂಟೇ? ನನ್ನ ಕಾಲು ಏಳಲೊಲ್ಲದು. ಪ್ರಮೀಳಾ ಮಹಡಿಯಿಂದ, "ಏನ್ರೀ, ಬಕೀಟ್ ಭಾರವೇನ್ರೀ?" ಎಂದು ಕೂಗಿದಳು.

ಪುಟ್ಟಿ ನನ್ನ ಕಿರುಬೆರಳು ಹಿಡಿದುಕೊಂಡಳು. "ಬಾ ಅಪ್ಪಾ, ನಾನಿದ್ದೀನಿ" ಎಂದಳು. ನನಗಿಂತ ಮುಂದೆ ಹೆಜ್ಜೆಯನ್ನೂ ಇಟ್ಟಳು.

ಮಗಳ ಎದುರು ಮರ್ಯಾದೆ ಪ್ರಶ್ನೆ. ದೇವರನ್ನು ನೆನೆದು ಕಾಲಿಟ್ಟೆ. ಪಾದದಡಿ ತಣ್ಣಗೆ, ಮೆತ್ತಗೆ ಏನೋ ಪಚಕ್ಕೆಂದಿತು.

ನಾನು ಕಿರುಚಿದ ಕಿರುಚು ಎಪಿಎಂಸಿ ಯಾರ್ಡಿಗೂ ಕೇಳಿಸಿತಂತೆ. ಬಕೆಟ್ಟು ಎತ್ತಲೋ ಹೋಯಿತು. ನನ್ನ ಕೂಗಿಗೆ ಬೆಚ್ಚಿ ಆರೂ ದೆವ್ವಗಳು ಒಟ್ಟಿಗೆ ಚೀರಿದವು. ಆಚೆ ಬದಿಯಲ್ಲಿ ಲಿಂಗರಾಜು ಹೆಂಡತಿಯನ್ನು ತಬ್ಬಿಕೊಂಡು ಚೀರಿದ. ಮಹಡಿಯ ಮೇಲೆ ಪ್ರಮೀಳಾ ಚೀರಿದಳು, ಹೊಸ್ತಿಲಲ್ಲಿ ಅತ್ತೆ ಶಿವಶಿವಾ ಎಂದು ಚೀರಿದರು.

ಇಡೀ ಬೀದಿಯಲ್ಲಿ ಬಾಯಿ ಬಿಡದೆ ನಿಂತವಳು ಒಬ್ಬಳೇ. ಅವಳು ಬಗ್ಗಿ, ನನ್ನ ಪಾದಕ್ಕೆ ಅಂಟಿದ್ದನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ದ್ರಾಕ್ಷಿ ಕಣಪ್ಪಾ. ನೀನೇ ಸುಲಿದಿದ್ದು" ಎಂದು ಮೆಲ್ಲಗೆ ನನ್ನ ಕೈ ತಟ್ಟಿದಳು. ಮನೆಯ ಬಾಗಿಲು ಮುಟ್ಟುವವರೆಗೂ ಆ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.