ಎತ್ತಿನ ಹಲ್ಲು ನೋಡೋನ ಹಲ್ಲು

ಹಲ್ಲಿನ ವಿಸ್ಯದಲ್ಲಿ ನಂಗಾಗಿರೋ ಫಜೀತಿ ಒಂದಾ ಎರಡಾ? ಒಂದು ಮುಗೀತು ಅನ್ನೋದ್ರೊಳಗೆ ಇನ್ನೊಂದು ಬಾಗ್ಲಲ್ಲಿ ನಿಂತಿರ್ತಿತ್ತು. ಆದ್ರೂ ಈ ವಯಸ್ನಲ್ಲಿ ಕಬ್ಬು ಸಿಗ್ದು ತಿಂತೀನಿ ಅಂದ್ರೆ, ಅದು ಮದ್ದೂರು ಸಂತೆಲಿದ್ದ ಹಲ್ಲಿನ ಸಾಬ್ರ ಪುಣ್ಯ. ಈಗ ಹೇಳೋದ್ರಲ್ಲಿ ಸುಳ್ಳು ಒಂಚೂರೇ ಅದೆ, ಅದೂ ರುಚಿಗೆ.

೧. ನಲವತ್ತು ಬಾಯಿ

ಆಗ ಯುದ್ಧದ ಕಾಲ. ನಾನು ಎತ್ತಿನ ದಲ್ಲಾಳಿ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳೋದು, ಮೈಮೇಲಿನ ಸುಳಿ ನೋಡಿ ಗುಣ ಹೇಳೋದು, ಇದೇ ಕಸುಬು. ಸಂತೆ ಹುಣಸೇಮರದ ಬುಡದಲ್ಲಿ ಸಾಬ್ರು ಒಂದು ಕುರ್ಚಿ, ಒಂದು ಇಕ್ಕಳ ಇಟ್ಕಂಡು ಕೂರೋರು. ಮಿಲ್ಟ್ರಿ ಪಟಾಲಮ್ಮಿನ ಹಲ್ಲಿನ ಡಾಕ್ಟ್ರತ್ರ ಕೆಲ್ಸ ಕಲ್ತಿದ್ದೋರು.

"ಗೌಡ, ದಿನಕ್ಕೆ ಎಷ್ಟು ಎತ್ತಿನ ಬಾಯಿ ನೋಡ್ತೀಯ?" ಅಂದ್ರು.

"ನಲವತ್ತು."

"ನಿನ್ ಬಾಯಿ ಯಾರು ನೋಡ್ತಾರೆ?"

"ನನ್ನ ಮಾರಾಕ್ ತಂದಿಲ್ಲ ಸಾಬ್ರೇ!"

ಸಂತೆಗೆ ಸಂತೇನೇ ನಕ್ತು. ಸಾಬ್ರು ನಗ್ಲಿಲ್ಲ. ನನ್ನ ದವಡೆ ಹಿಡಿದು ನೋಡಿ, "ಬೆಲ್ಲ ತಿಂದು ತಿಂದು ಒಂದು ಹಲ್ಲು ಕಪ್ಪಾಗಿದೆ. ನೋವು ಬರೋಕ್ ಮುಂಚೆ ಬಾ" ಅಂದ್ರು.

"ನೋವಿಲ್ದೆ ಯಾಕ್ ಬರ್ಲಿ, ನಿಮ್ ಗಡ್ಡ ನೋಡಕಾ?" ಅಂದ್ಬುಟ್ಟು ಒಂಟೋದೆ.

೨. ರೈಲು ನಿಂತಿದ್ದು

ನೋವು ಬಂತು. ಅದೂ ಯಾವಾಗ? ನನ್ನ ಮದ್ವೆಗೆ ಮಳವಳ್ಳಿ ಕಡೆ ಎಣ್ಣಿನ ಮಾತು ನಡೀತಿದ್ದಾಗ. ಎಣ್ಣಿನಪ್ಪ ಎತ್ತಿನ ಸೋಕಿಯೋರು. ಹಿಂದೆ ಬಂದಿದ್ದ ಗಂಡನ್ನ "ಹುಳುಕು ಹಲ್ಲು" ಅಂತ ಓಡ್ಸಿದ್ರು. ನಂಗೋ ಕೆನ್ನೆ ಕುಂಬಳಕಾಯಿ ಆಗೋಗದೆ. ಲವಂಗ ಇಟ್ಟೆ, ಹೊಗೆಸೊಪ್ಪು ಕಚ್ಚಿದೆ, ಕೊನೆಗೆ ಸಾಬ್ರ ಕುರ್ಚಿ ಮೇಲೆ ಬಿದ್ದೆ.

ಕಿತ್ತಾಗ ನಾನು ಕೂಗಿದ ಕೂಗಿಗೆ ಮೈಸೂರು ರೈಲು, ಎದುರಿಂದ ಇನ್ನೊಂದು ಇಂಜಿನ್ ಬತ್ತಾದೆ ಅಂದ್ಕಂಡು ಗೆಜ್ಜಲಗೆರೆ ಹತ್ರನೇ ನಿಂತ್ಬುಡ್ತು.

"ಇನ್ನೆರಡಕ್ಕೂ ಶುರುವಾಗಿದೆ. ಸಿಮೆಂಟು ತುಂಬ್ತೀನಿ, ಉಳೀತವೆ. ಆದ್ರೆ ಯುಗಾದಿಗೊಂದ್ಸಲ, ದಸರಾಕ್ಕೊಂದ್ಸಲ ಬಂದು ತೋರಿಸ್ಬೇಕು" ಅಂದ್ರು.

"ಎಣ್ಣು ಒಪ್ಪಿದ್ರೆ ಸಂಸಾರ ಸಮೇತ ಬತ್ತೀನಿ" ಅಂದೆ. ಬಾಯ್ತುಂಬ ಹತ್ತಿ, ಆಚೆ ಬಂದಿದ್ದು ಬರೀ "ಬ್ಬೆ ಬ್ಬೆ." ಪಕ್ಕದಲ್ಲಿ ಕಟ್ಟಿದ್ದ ಕರು ಓಗೊಡ್ತು.

೩. ದಸರಾ

ದಸರಾಕ್ಕೆ ಮಾತು ಉಳಿಸ್ಕಂಡು ಹೋದೆ. ಬಾಯ್ ತೆರ್ಕಂಡು ಕೂತಿದ್ದೆ. ಎತ್ತು ಕೊಳ್ಳೋಕೆ ಬಂದಿದ್ದ ದುದ್ದ ಊರಿನ ನನ್ನ ಗೆಣೆಕಾರ ನೋಡ್ದ.

"ಯಾಕ್ಲಾ, ನೋವಾ?"

"ಇಲ್ಲ ಕಣ್ಲಾ."

"ಮತ್ತೆ?"

"ನೋವು ಬರದೇ ಇರ್ಲಿ ಅಂತ."

ಅವ್ನು ಸಾಬ್ರ ಕಿವಿ ಹತ್ರ ಬಗ್ಗಿ, "ಇಕ್ಕಳ ಸಾಲಾಕಿಲ್ಲ ಸಾಬ್ರೇ, ತಲೆಗೂ ಏನಾದ್ರೂ ನೋಡಿ" ಅಂದ.

೪. ಎಣ್ಣು ನೋಡಕ್ಕೋಗಿದ್ದು

ಎಣ್ಣಿನ ಮನೇಲಿ ಚಾಪೆ ಮೇಲೆ ಕೂರ್ಸಿದ್ರು. ಉಪ್ಪಿಟ್ಟು ಬಂತು. ಎಣ್ಣಿನಪ್ಪ ನನ್ನ ಸುತ್ತ ಒಂದು ಸುತ್ತು ಬಂದ್ರು. ಬೆನ್ನು ತಟ್ಟಿದ್ರು. ಆಮೇಲೆ ಅದೇನು ಅಭ್ಯಾಸಬಲವೋ, ನೆಂಟರ ಮುಂದೇನೇ ಗದ್ದ ಹಿಡಿದು ತುಟಿ ಎತ್ತೇಬುಟ್ರು! ನಲವತ್ತು ಎತ್ತಿನ ಶಾಪ ಅಂದ್ಕಂಡು ಮಿಸುಕಾಡ್ದೆ ಕೂತೆ.

ಎಣಿಸಿದ್ರು. "ಒಂದಿಲ್ಲ. ಎರಡಕ್ಕೆ ಗಾರೆ ಆಗದೆ. ಹುಳುಕಿಲ್ಲ. ಬಾಯಿ ಚೆನ್ನಾಗ್ ಇಟ್ಕಂಡವ್ನೆ, ಎಣ್ಣನ್ನೂ ಇಟ್ಕತಾನೆ" ಅಂದ್ರು.

ಸಾಬ್ರೇ, ನಿಮ್ ಹೊಟ್ಟೆ ತಣ್ಣಗಿರ್ಲಿ ಅಂತ ಅಲ್ಲೇ ಮನಸ್ನಲ್ಲಿ ಕೈ ಮುಗಿದೆ.

ಅಷ್ಟ್ರಲ್ಲಿ ಬಾಗ್ಲ ಹಿಂದಿಂದ ಎಣ್ಣಿನ ದನಿ ಬಂತು:

"ಅಪ್ಪಯ್ಯ, ಸುಳಿನೂ ನೋಡ್ಬುಡು. ಆಮೇಲೆ ಸಂತೆಗೆ ವಾಪಸ್ ಹೊಡ್ಕಂಡ್ ಓಗಕಾಗಾಕಿಲ್ಲ!"