ನಾಲ್ವರನ್ನು ಕಟ್ಟಿದ ಬಾವಿಹಗ್ಗ

ಚಿತ್ರದುರ್ಗದ ನಮ್ಮ ಫುಟ್‌ಬಾಲ್ ಸಂಘದ ಆಡಳಿತ ಸಮಿತಿಯು ತರಬೇತುದಾರರಾದ ಚಿತ್ತಯ್ಯನವರಿಗೆ ಅನ್ಯಾಯ ಮಾಡಿದೆ. ಈ ಆರೋಪವನ್ನು ನಾನು ಯಾರ ಮುಲಾಜೂ ಇಲ್ಲದೆ ನೇರವಾಗಿ ಮಾಡುತ್ತಿದ್ದೇನೆ. ಒಂದೇ ಒಂದು ಪಂದ್ಯವನ್ನೂ ಸೋಲದ ತಂಡದ ತರಬೇತುದಾರನನ್ನು ಈ ತಿಂಗಳ ಕೊನೆಗೆ ಮನೆಗೆ ಕಳಿಸುವ ಠರಾವು ಅಂಗೀಕಾರವಾಗಿದೆ. ಇದಕ್ಕೆ ಹೊಣೆ ಯಾರು? ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ನಾನು ನಿಜವಾಗಿ ಕಲಿತದ್ದು ಒಂದೇ ಪಾಠ: ಅನ್ಯಾಯ ಕಂಡಲ್ಲಿ ಮೊದಲು ಹೊಣೆಗಾರನನ್ನು ಹುಡುಕಬೇಕು. ಹುಡುಕಿದೆ. ಅಂದಿನ ಸಭೆಯನ್ನು ಮನಸ್ಸಿನಲ್ಲಿ ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ನಡೆಸಿ ನೋಡಿದೆ. ಹುಡುಕಿದಷ್ಟೂ ಗೊಂದಲ ಹೆಚ್ಚುತ್ತದೆ. ಏಕೆಂದರೆ ಎಲ್ಲಿಂದ ಹೊರಟರೂ ವಿಚಾರಣೆ ಒಂದು ಬಾವಿಹಗ್ಗಕ್ಕೆ ಬಂದು ನಿಲ್ಲುತ್ತದೆ. ಆ ಹಗ್ಗದ ಎಡತುದಿಯಲ್ಲಿ ನಾನೇ ನಿಂತಿದ್ದೇನೆ.

ಚಿತ್ತಯ್ಯನವರು ಯಾರೆಂದು ಮೊದಲು ಹೇಳಬೇಕು. ಧರ್ಮಪುರದ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಆಡಿ, ಅಲ್ಲಿಂದ ಕಲ್ಕತ್ತೆಗೆ ಹೋಗಿ, ಸಂಬಳ ಪಡೆದು ಫುಟ್‌ಬಾಲ್ ಆಡಿದವರು. ಆಡಿದ ಜಾಗ ಗೋಲಿನ ಮುಂದೆ, ಸ್ಟಾಪರ್ ಬ್ಯಾಕ್. ಬರುವವರನ್ನು ತಡೆಯುವುದಷ್ಟೇ ಅವರ ಕೆಲಸ. ಆಟವಾಡಿದರೆ ಸಂಬಳ ಕೊಡುತ್ತಾರೆಂಬುದನ್ನು ಹಟ್ಟಿಯವರು ಇಂದಿಗೂ ನಂಬಿಲ್ಲ; ಕಲ್ಕತ್ತೆಯಲ್ಲಿ ಯಾವುದೋ ಗೇಟಿನ ವಾಚ್‌ಮನ್ ಆಗಿದ್ದನೆಂದೇ ಅವರ ತಿಳಿವಳಿಕೆ. ಯೋಚಿಸಿದರೆ ಅವರದು ತಪ್ಪೆಂದು ಹೇಳಲಾರೆ. ಎಡ ಮಂಡಿ ಕೈಕೊಟ್ಟ ಮೇಲೆ ಅವರು ಚಿತ್ರದುರ್ಗದಲ್ಲಿರುವ ಅಕ್ಕನ ಮನೆಗೆ ಬಂದು, ನಮ್ಮ ಸಂಘದ ತರಬೇತುದಾರರಾದರು. ಆಟ ಬಿಟ್ಟರೂ ತಡೆಯುವುದನ್ನು ಬಿಡಲಿಲ್ಲ. ಹಿರಿಯೂರಿನ ವೃತ್ತದಲ್ಲಿ ಅವರು ಯಾರಿಗೋ ಕಾಯುತ್ತ, ಮಂಡಿ ತುಸು ಬಾಗಿಸಿ, ಕೈಗಳನ್ನು ಅಗಲ ಮಾಡಿ ನಿಂತಿದ್ದಾಗ ನಿಲ್ಲಬೇಕಾಗಿಲ್ಲದ ಬಸ್ಸೊಂದು ನಿಂತುಬಿಟ್ಟಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ಕಂಡಕ್ಟರು ಇಣುಕಿ, “ಏನ್ ಸ್ವಾಮಿ, ಬರ್ತೀರಾ?” ಎಂದರೆ ಇವರು, “ಇಲ್ಲಪ್ಪ, ನೀ ಹೋಗು” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ. ತಮ್ಮ ಜೀವಮಾನದಲ್ಲಿ ಯಾರಿಗಾದರೂ ದಾರಿ ಬಿಟ್ಟದ್ದು ಅದೊಂದೇ ಸಲ ಎಂದು ಅವರೇ ಹೇಳಿ ಬೇಸರಪಡುತ್ತಿದ್ದರು.

ಇಂಥವರ ಕೈಗೆ ನಮ್ಮ ತಂಡ ಸಿಕ್ಕಿತು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಓಡಲಾರೆ, ಒದೆಯಲಾರೆ. ಹನ್ನೊಂದನೆಯವನು ಸಿಗದ ಕಾರಣ ತಂಡಕ್ಕೆ ಸೇರಿದವನು. ಅಂಥವನನ್ನು ಹಿಂದಿನ ಸಾಲಿನ ಎಡತುದಿಯಲ್ಲಿ ನಿಲ್ಲಿಸಿ ಲೆಫ್ಟ್ ಬ್ಯಾಕ್ ಮಾಡಿದರು. ನನ್ನ ಬಲಕ್ಕೆ ದರ್ಜಿ ರುದ್ರಣ್ಣ. ಈಗಿನ ಫ್ಯಾಷನ್ನಿನ ಬೆಲ್‌ಬಾಟಮ್ ಹೊಲಿದು ಹೊಲಿದು, ತನ್ನ ಆಟದ ಚಡ್ಡಿಯನ್ನೂ ಕೆಳಗೆ ಅಗಲವಾಗಿಯೇ ಹೊಲಿದುಕೊಂಡವನು. ಅವನ ಆಚೆಗೆ ತಾಲ್ಲೂಕು ಕಚೇರಿಯ ಗುಮಾಸ್ತ ಓಂಕಾರಪ್ಪ. ಬಲತುದಿಯಲ್ಲಿ ಬಾಡಿಗೆ ಸೈಕಲ್ ಅಂಗಡಿಯ ಬಾಷಾ. ಚೆಂಡಿನ ಬ್ಲಾಡರಿಗೆ ಗಾಳಿ ಹೊಡೆಯುವುದು ಅವನ ಪಂಪಿನಿಂದಲೇ ಆದ್ದರಿಂದ ಅವನನ್ನು ಬಿಡುವಂತಿರಲಿಲ್ಲ. ಈ ನಾಲ್ವರಿಗೆ ಚಿತ್ತಯ್ಯನವರು ಮೊದಲ ದಿನ ಕೊಟ್ಟ ಉಪದೇಶ ನನಗೆ ಬಾಯಿಪಾಠವಾಗಿದೆ:

“ತೋಳದ ಹಿಂದೆ ಓಡ್ಬ್ಯಾಡ್ರಿ ಮೇಷ್ಟ್ರೆ. ತೋಳ ಬರೋದು ಸಂದ್ನಾಗೆ. ನಾಲ್ಕೂ ಜನ ಒಟ್ಟಿಗೆ ನಿಂತು ಸಂದು ಮುಚ್ಚಿದ್ರೆ, ಅದೇ ಬ್ಯಾಸರ ಮಾಡ್ಕೊಂಡು ಹೋಗ್ತೈತೆ.”

“ಮತ್ತೆ ಗೋಲು ಹೊಡೆಯೋದು ಯಾವಾಗ ಸಾರ್?” ಎಂದು ನಾನು ಕೇಳಿದೆ.

“ಅದು ಮುಂದಿನೋರ ಕೆಲ್ಸ. ಎಲ್ಲಿ ಅವ್ರು?”

“ಅವರನ್ನೂ ನೀವೇ ಹಿಂದಕ್ಕೆ ಕರೆದು ನಿಲ್ಲಿಸಿದ್ದೀರಲ್ಲ.”

ಚಿತ್ತಯ್ಯನವರು ಖಾಲಿ ಬಿದ್ದಿದ್ದ ಮೈದಾನದ ಮುಂಭಾಗವನ್ನು ನೋಡಿದರು. “ಹೌದಲ್ಲ... ಒಬ್ಬನ್ನ ಮುಂದಕ್ಕೆ ಬಿಡಾಣ ಅಂದ್ಕಂತೀನಿ ಮೇಷ್ಟ್ರೆ. ಧೈರ್ಯ ಬರಲ್ಲ.”

ಹೀಗಾಗಿ ನಮ್ಮ ತಂಡ ಹಿರಿಯೂರಿನಲ್ಲಿ ಸೋಲಲಿಲ್ಲ, ಹೊಸದುರ್ಗದಲ್ಲಿ ಸೋಲಲಿಲ್ಲ, ಹೊಳಲ್ಕೆರೆಯಲ್ಲಿಯೂ ಸೋಲಲಿಲ್ಲ. ಗೆಲ್ಲಲೂ ಇಲ್ಲ. ಎಲ್ಲೆಲ್ಲೂ ಸೊನ್ನೆಗೆ ಸೊನ್ನೆ. ಇದನ್ನು ಸಾಧನೆ ಎನ್ನಬೇಕೋ ಸಂಕಟ ಎನ್ನಬೇಕೋ ನನಗೆ ಈಗಲೂ ಸ್ಪಷ್ಟವಾಗಿಲ್ಲ. ಹೊಳಲ್ಕೆರೆಯಲ್ಲಿ ಕೊನೆಯ ಸೀಟಿ ಊದಿದ ಮೇಲೆ ಟವೆಲ್ ಹೊದ್ದ ಹಿರಿಯರೊಬ್ಬರು ಮೈದಾನದೊಳಕ್ಕೇ ಬಂದು, “ಯಾರಪ್ಪ ಗೆದ್ದೋರು?” ಎಂದರು. ಯಾರೂ ಇಲ್ಲವೆಂದೆ. “ಹಂಗಾದ್ರೆ ಯಾಕೆ ನಿಲ್ಸಿದ್ರಿ? ಆಡ್ರಿ, ಇನ್ನೂ ಬೆಳಕೈತೆ” ಎಂದು ಆಕಾಶ ತೋರಿಸಿದರು. ಮನೆಗೆ ಬಂದರೆ ಅವ್ವನದೂ ಅದೇ ಪ್ರಶ್ನೆ.

“ಗೆದ್ರೇನೋ, ಸೋತ್ರೇನೋ?”

“ಎರಡೂ ಇಲ್ಲವ್ವ.”

“ಎರಡೂ ಇಲ್ದಂಗೆ ಬೆಳಗಿಂದ ಸಂಜೆತನಕ ಏನ್ ಮಾಡ್ತಿದ್ಯೋ ಅಲ್ಲಿ?”

ಎಂ.ಎ. ಪದವೀಧರನಾದ ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಈ ಪ್ರಶ್ನೆ ಅವ್ವನೊಬ್ಬಳದೇ ಆಗಿರಲಿಲ್ಲ. ಸಂಘದ ಅಧ್ಯಕ್ಷರಾದ ಗುರುಶಾಂತಪ್ಪನವರು ಶೇಂಗಾ ಎಣ್ಣೆಮಿಲ್ಲಿನ ಮಾಲೀಕರು. ಫಲಿತಾಂಶವನ್ನು ಕಣ್ಣಾರೆ ಕಂಡು ಬದುಕಿದವರು. “ನನ್ನ ಮಿಲ್ನಾಗೆ ಶೇಂಗಾ ಹಾಕಿದ್ರೆ ಎಣ್ಣೆ ಬರ್ತೈತೆ, ಇಲ್ಲಾಂದ್ರೆ ಹಿಂಡಿನಾದ್ರೂ ಬರ್ತೈತೆ. ಇದೇನ್ರೀ ಚಿತ್ತಯ್ಯ, ಇಷ್ಟು ದಿನದಿಂದ ತಿರುಗಿಸ್ತಿದೀರಿ, ಏನೂ ಉದುರವಲ್ದು?” ಎಂದು ಒಮ್ಮೆ ಎಲ್ಲರೆದುರಿಗೇ ಕೇಳಿದರು. ಚಿತ್ತಯ್ಯನವರು ತಣ್ಣಗೆ, “ಉದುರಬಾರ್ದು ಅಂತ್ಲೇ ಅಲ್ವಾ ಯಜಮಾನ್ರೆ ನಾವು ಹಿಡ್ಕೊಂಡಿರೋದು” ಎಂದರು. ಅಲ್ಲಿಂದಲೇ ಅವರ ಹುದ್ದೆ ಅಲುಗಾಡತೊಡಗಿತು. ಹುದ್ದೆ ಹೋದರೆ ಅವರು ಹಟ್ಟಿಗೆ ಮರಳಿ ತಮ್ಮನ ಕುರಿಗಳ ಹಿಂದೆ ನಡೆಯಬೇಕು. ಆ ಮಂಡಿಯಲ್ಲಿ ಕುರಿಯ ಹಿಂದೆ ನಡೆಯುವುದು ಸಾಧ್ಯವಿಲ್ಲವೆಂಬುದು ಕುರಿಗಳಿಗೂ ಗೊತ್ತು.

ಈ ನಡುವೆ ಹಗ್ಗ ಬಂದಿತು. ನಾವು ನಾಲ್ವರು ಒಂದೇ ಸಾಲಿನಲ್ಲಿ ಮುಂದೆ ಬರಬೇಕು, ಒಂದೇ ಸಾಲಿನಲ್ಲಿ ಹಿಂದೆ ಸರಿಯಬೇಕು. ಒಬ್ಬ ಹಿಂದುಳಿದರೂ ಎದುರಾಳಿ ನುಸುಳುತ್ತಾನೆ. ಹಿಂದುಳಿಯುವ ಒಬ್ಬ ಯಾವಾಗಲೂ ನಾನೇ. ಬೈದು ಸಾಕಾದ ಚಿತ್ತಯ್ಯನವರು ಒಂದು ಬೆಳಗ್ಗೆ ಅಕ್ಕನ ಮನೆಯ ಬಾವಿಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, ನಮ್ಮ ನಾಲ್ವರ ಸೊಂಟಕ್ಕೂ ಸಾಲಾಗಿ ಬಿಗಿದರು. ಬಾಷಾ ಹೆಜ್ಜೆ ಇಟ್ಟರೆ ಓಂಕಾರಪ್ಪ ಇಡಲೇಬೇಕು. ಓಂಕಾರಪ್ಪ ಇಟ್ಟರೆ ರುದ್ರಣ್ಣ. ರುದ್ರಣ್ಣ ಇಟ್ಟರೆ ನಾನು, ಇಲ್ಲವೇ ನನ್ನ ಸೊಂಟ ಮಾತ್ರ. “ಪಕ್ಕದೋನು ಎದ್ರೆ ನೀ ಏಳ್ಬೇಕು, ಪಕ್ಕದೋನು ಕೂರೋತನಕ ನೀ ಕೂರಬ್ಯಾಡ. ತಲೆ ಓಡಿಸ್ಬ್ಯಾಡ್ರಿ ಮೇಷ್ಟ್ರೆ, ತಲೆ ಓಡ್ಸಿದ್ರೆ ತಡ ಆಗ್ತೈತೆ” ಎಂದರು. ಸ್ವತಂತ್ರವಾಗಿ ಚಿಂತಿಸಿರಿ ಎಂದು ತರಗತಿಯಲ್ಲಿ ದಿನವೂ ಗುಡುಗುವ ನಾನು ಇದನ್ನು ತಲೆಬಾಗಿ ಒಪ್ಪಿಕೊಂಡೆ. ಅರ್ಧ ಅಭ್ಯಾಸ ಮುಗಿಯುವುದರೊಳಗೆ ಅವರ ಅಕ್ಕ ಖಾಲಿ ಕೊಡ ಹಿಡಿದು ಮೈದಾನದ ಅಂಚಿಗೆ ಬರುತ್ತಿದ್ದರು.

“ಲೇ ಚಿತ್ತಯ್ಯ! ಹಗ್ಗ ಕೊಡ್ತೀಯೋ, ಇಲ್ಲಾ ನಾನೇ ಬಾವಿಗೆ ಇಳೀಲೋ?”

“ತಡಿಯಕ್ಕ, ಲೈನು ಇನ್ನೂ ಬಂದಿಲ್ಲ.”

“ನಿನ್ ಲೈನು ಬರೋದ್ರಾಗೆ ಬಾವ್ಯಾಗಿನ ನೀರು ಹೋಗಿರ್ತೈತೆ. ಬಿಚ್ಚೋ!”

ಹಗ್ಗವನ್ನು ಬಿಚ್ಚಿ ಕೊಡುತ್ತಿದ್ದರು. ಆದರೆ ದಿನ ಕಳೆದಂತೆ, ಬಿಚ್ಚಿದ ಹಗ್ಗ ಸೊಂಟದಲ್ಲಿ ಉಳಿಯತೊಡಗಿತು. ಕಾಲೇಜಿನ ಶಿಕ್ಷಕರ ಕೊಠಡಿಯಲ್ಲಿ ಬಲಪಕ್ಕದ ಇತಿಹಾಸದ ಅಧ್ಯಾಪಕರು ಎದ್ದರೆ ನಾನೂ ಎದ್ದು, ಅವರ ಹಿಂದೆಯೇ ಹೋಗಿ, ಅವರ ತರಗತಿಯ ಬಾಗಿಲಲ್ಲಿ ನಿಂತು ಎಚ್ಚರಗೊಳ್ಳುತ್ತಿದ್ದೆ. ಶ್ರೀರಾಂಪುರದಲ್ಲಿ ಬಂಧುಗಳ ಮದುವೆಗೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ಬಲಗಡೆಯವರು ಪಾಯಸಕ್ಕೆ ಕಾಯದೆ ಎದ್ದರು, ನಾನೂ ಎದ್ದೆ. ಅವರಿಗೆ ಸಕ್ಕರೆ ಕಾಯಿಲೆಯಂತೆ. ನನಗೆ ಯಾವ ಕಾಯಿಲೆಯೆಂದು ಬಡಿಸುವವರು ಕೇಳಿದರು.

ಇಷ್ಟಾದರೂ ನಾನು ಚಿತ್ತಯ್ಯನವರ ಪರವೇ ಇದ್ದೆ ಎಂಬುದನ್ನು ಓದುಗರು ಮರೆಯಬಾರದು. ಅವರನ್ನು ತೆಗೆಯುವ ಮಾತು ಹಬ್ಬಿದಾಗ ಮೊದಲು ಕೆರಳಿದವನು ನಾನು. ಸಭೆಯ ಹಿಂದಿನ ಸಂಜೆ ಅವರ ಅಕ್ಕನ ಮನೆಯ ಜಗುಲಿಯಲ್ಲಿ ಕುಳಿತು, “ಪ್ರಭುತ್ವದ ಎದುರು ನಾವು ನಾಲ್ವರೂ ಗೋಡೆಯಂತೆ ನಿಲ್ಲುತ್ತೇವೆ” ಎಂದು ಪ್ರತಿಜ್ಞೆ ಮಾಡಿದ್ದೆ. ರುದ್ರಣ್ಣ, “ನಿಲ್ಲೋದೊಂದು ಬರ್ತೈತೆ ಬಿಡ್ರಿ ನಮ್ಗೆ” ಎಂದು ದನಿಗೂಡಿಸಿದ್ದ. ಆ ಮಾತು ಹೇಗೆ ನಿಜವಾಯಿತೆಂಬುದೇ ಈ ಬರಹದ ದುಃಖ.

ಸಭೆ ಎಣ್ಣೆಮಿಲ್ಲಿನ ಗೋದಾಮಿನಲ್ಲಿ ಸೇರಿತು. ಹಿಂಡಿಯ ಮೂಟೆಗಳ ಮುಂದೆ ಅಧ್ಯಕ್ಷರ ಕುರ್ಚಿ, ಎದುರಿಗೆ ಸದಸ್ಯರ ಬೆಂಚುಗಳು. ಸಭೆಯಲ್ಲಿ ಮತವಿದ್ದ ನಾವು ನಾಲ್ವರೂ ಒಂದೇ ಬೆಂಚಿನಲ್ಲಿ, ಮೈದಾನದಲ್ಲಿ ನಿಲ್ಲುವ ಕ್ರಮದಲ್ಲಿಯೇ ಕುಳಿತೆವು. ಹಾಗೆಂದು ಯಾರೂ ಹೇಳಿರಲಿಲ್ಲ. ಚಿತ್ತಯ್ಯನವರು ಬಾಗಿಲಿನಲ್ಲಿ ನಿಂತಿದ್ದರು. ಅವರ ಅಭ್ಯಾಸದಂತೆ, ಒಳಗೆ ಬರುವವರೆಲ್ಲ ಒಂದು ಕ್ಷಣ ಅವರೆದುರು ತಡೆದು ಬರಬೇಕಾಯಿತು. ನಾನು ಜೇಬಿನಲ್ಲಿ ಭಾಷಣವನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಅಧ್ಯಕ್ಷರು ಭಾಷಣಕ್ಕೆ ಅವಕಾಶವನ್ನೇ ಕೊಡದೆ, ಗಂಟಲು ಸರಿಮಾಡಿಕೊಂಡು ಹೇಳಿದರು:

“ಚಿತ್ತಯ್ಯನೋರ್ನ ಈ ತಿಂಗಳ ಕೊನೆಗೆ ಬಿಡುಗಡೆ ಮಾಡಾಣ ಅಂತ ಠರಾವೈತೆ. ಒಪ್ಪಿಗೆ ಇರೋರು ಎದ್ದು ನಿಂತ್ಕಳ್ರಿ.”

ಅಧ್ಯಕ್ಷರ ಕಡೆಯವರು ಎದ್ದರು. ಕಾರ್ಯದರ್ಶಿ ಎಣಿಸಿ, ಇನ್ನೂ ನಾಲ್ಕು ಜನ ಕಡಿಮೆ ಎಂದು ಅಧ್ಯಕ್ಷರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಸತ್ಯ ಗೆದ್ದಿತೆಂದು ನಾನು ಕಾಲು ಚಾಚಿದೆ. ಅದೇ ಗಳಿಗೆಯಲ್ಲಿ ಬಲತುದಿಯ ಬಾಷಾ ಕಿಟಕಿಯ ಹೊರಗೆ ನೋಡಿದ. ಬಾಡಿಗೆ ಮುಗಿದ ಸೈಕಲ್ಲನ್ನು ಯಾರೋ ತಮ್ಮ ಪಾಡಿಗೆ ತುಳಿದುಕೊಂಡು ಹೋಗುತ್ತಿದ್ದರು.

“ಅರೆ! ನಂದು ಸೈಕಲ್ಲು!” ಎಂದು ಬಾಷಾ ಎದ್ದ.

ಓಂಕಾರಪ್ಪ ಎದ್ದ. ರುದ್ರಣ್ಣ ಎದ್ದ. ನಾನು ಎದ್ದೆ. ಬಾಷಾ ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟ, ನಾವೂ ಇಟ್ಟೆವು. ನನ್ನ ಬುದ್ಧಿ ಅಷ್ಟರಲ್ಲಿ ಎಚ್ಚೆತ್ತು ಕೂರು, ಕೂರು ಎಂದು ಒಳಗಿನಿಂದ ಕೂಗುತ್ತಿತ್ತು. ಆದರೆ ರುದ್ರಣ್ಣ ನಿಂತೇ ಇದ್ದ. ಪಕ್ಕದೋನು ಕೂರೋತನಕ ಕೂರಬಾರದು. ಕಾರ್ಯದರ್ಶಿ ಎಣಿಸಿಬಿಟ್ಟರು.

ಗುರುಶಾಂತಪ್ಪನವರೇ ಬೆಚ್ಚಿದಂತಿತ್ತು. “ಶಿಷ್ಯರೇ ಎದ್ದು ನಿಂತ್ರಲ್ಲಪ್ಪ! ಇನ್ನು ನಂದೇನೈತೆ?” ಎಂದು ಠರಾವಿಗೆ ಸಹಿ ಹಾಕಿದರು. ನಾನು ಬಾಗಿಲಿನ ಕಡೆ ನೋಡಲಾರದೆ ನೋಡಿದೆ. ಚಿತ್ತಯ್ಯನವರು ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬಾಷಾನ ಭುಜದಿಂದ ನನ್ನ ಭುಜದವರೆಗೆ ದೃಷ್ಟಿ ಹಾಯಿಸುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

“ಬಂತು ನೋಡ್ರಲೇ ಲೈನು!” ಎಂದರು. “ಒಂದು ಗೇಣೂ ಸಂದಿಲ್ಲ.”

ಆಮೇಲೆ ಬೀದಿಯಲ್ಲಿ ನಾನು ಕ್ಷಮೆ ಕೇಳಿದೆ. ನನ್ನ ಮತ ಅದಲ್ಲವೆಂದೂ ಅದು ಮತವೇ ಅಲ್ಲವೆಂದೂ ತೊದಲಿದೆ. ಅವರು ನನ್ನ ಹೆಗಲು ತಟ್ಟಿದರು. “ಬೇಜಾರಿಲ್ಲ ಮೇಷ್ಟ್ರೆ. ಎದ್ರಲ್ಲ, ಚಲೋ ಎದ್ರಿ. ನೀವೊಬ್ರು ಹಿಂದೆ ಕುಂತಿದ್ರೆ ನಂಗೆ ಬೇಜಾರಾಗ್ತಿತ್ತು.” ಈ ಸಮಾಧಾನವನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಇಂದಿಗೂ ಒದ್ದಾಡುತ್ತಿದ್ದೇನೆ. ಅವರು ತಿಂಗಳ ಕೊನೆಯ ಧರ್ಮಪುರದ ಬಸ್ಸಿಗಾಗಿ ಈಗಾಗಲೇ ಟ್ರಂಕು ತೊಳೆದು ಬಿಸಿಲಿಗಿಟ್ಟಿದ್ದಾರೆ. ಹಗ್ಗ ಖಾಯಂ ಆಗಿ ಬಾವಿಗೆ ಮರಳಿದೆ. ಅಕ್ಕ ಮಾತ್ರ ನೀರು ಸೇದುವಾಗ ನನ್ನನ್ನು ಕಂಡರೆ, “ನಿಮ್ಮನ್ನ ಬಿಗಿದಿದ್ದು ಸಾಕಾಗಿರ್ಲಿಲ್ಲ ಮೇಷ್ಟ್ರೆ, ಬೆಂಚಿಗೂ ಬಿಗೀಬೇಕಿತ್ತು” ಎನ್ನುತ್ತಾರೆ.

ಆದ್ದರಿಂದ, ಅಧ್ಯಕ್ಷರಾದ ಗುರುಶಾಂತಪ್ಪನವರಲ್ಲಿಯೂ ಸಮಿತಿಯ ಸಮಸ್ತ ಸದಸ್ಯರಲ್ಲಿಯೂ ನಾನು ವಿಧ್ಯುಕ್ತವಾಗಿ ಉತ್ತರ ಕೋರುತ್ತೇನೆ. ತರಬೇತುದಾರನು ಕಲಿಸಿದ್ದನ್ನು ತಪ್ಪಿಲ್ಲದೆ ಮಾಡಿ ತೋರಿಸಿದ ಆಟಗಾರರ ನಿಲುವನ್ನು, ಅದೇ ತರಬೇತುದಾರನ ವಿರುದ್ಧದ ಮತವೆಂದು ಎಣಿಸಲು ಯಾವ ನಿಯಮದಲ್ಲಿ ಅವಕಾಶವಿದೆ? ಸೈಕಲ್ಲಿಗಾಗಿ ಎದ್ದ ಬಾಷಾನ ಅಭಿಪ್ರಾಯವನ್ನು ಅವನ ಬಾಯಿಂದ ಕೇಳಿದವರು ಯಾರು? ಠರಾವನ್ನು ಕೂಡಲೇ ತಡೆಹಿಡಿದು, ತಿಂಗಳು ಮುಗಿಯುವುದರೊಳಗೆ ಮರುಸಭೆ ಕರೆಯಬೇಕು. ಮತವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ನಮ್ಮ ನಾಲ್ವರನ್ನು ಗೋದಾಮಿನ ನಾಲ್ಕು ಮೂಲೆಗಳಲ್ಲಿ, ಒಬ್ಬರಿಗೊಬ್ಬರು ಕಾಣದಂತೆ, ನಡುವೆ ಹಿಂಡಿಯ ಮೂಟೆಗಳನ್ನು ಒಟ್ಟಿ ಕೂರಿಸಬೇಕು ಎಂದು ಒತ್ತಾಯಿಸುತ್ತೇನೆ.

ಈ ಮನವಿಯನ್ನು ಯಾರ ಕೈಯಲ್ಲೂ ಕಳಿಸದೆ, ನಾನೇ ಎದ್ದು ಹೋಗಿ, ಅಧ್ಯಕ್ಷರ ಎದುರು ನಿಂತು ಕೊಡುವುದೆಂದು ನಿಶ್ಚಯಿಸಿದ್ದೇನೆ. ರುದ್ರಣ್ಣನ ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆದು ಮುಗಿಸಿಯೂ ಆಗಿದೆ. ನನ್ನ ಬಲಕ್ಕೆ ರುದ್ರಣ್ಣ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಾನೆ. ಅವನು ಎದ್ದ ಕೂಡಲೇ ಹೊರಡುತ್ತೇನೆ.